ಅರಗು ತುಂಬಿದ ಪೆಟ್ಟಿಗೆ

ಗೆಳೆಯರೆ, ತೀರಿಹೋದ ನನ್ನ ತಮ್ಮ ಗಿಟಾರಿನ ದನಿ ಬದಲಿಸಲೆಂದು ಕಟ್ಟಿದ್ದ ಪುಟ್ಟ ಕರೆಂಟಿನ ಪೆಟ್ಟಿಗೆಯನ್ನು ಇವತ್ತು ಕೊಟ್ಟೂರಿನ ರೇಡಿಯೋ ರಿಪೇರಿಯ ಖಾದರ್ ಸಾಬರ ಬಳಿ ಒಯ್ದೆ. ಅದನ್ನು ಕಾಲಿನಿಂದ ಒತ್ತಿದರೆ ಗಿಟಾರು ಒರಟಾಗಿ ಗುರುಗುಡುತ್ತಿತ್ತು. ಈಗ ಮೂಕವಾಗಿದೆ. ಆ ದನಿಯನ್ನು ಇನ್ನೊಮ್ಮೆ ಕೇಳಬೇಕೆಂದು ಅವ್ವನ ಹಟ.

ಸಾಬರು ಮುಚ್ಚಳ ತೆಗೆದರು. ಒಳಗೆಲ್ಲ ಗಟ್ಟಿ ಅರಗು.

"ಯಾರೂ ನೋಡಿ ನಕಲು ಮಾಡಬಾರದಂತ ನಿಮ್ಮ ತಮ್ಮ ಸುರದಾನ್ರಿ," ಎಂದರು.

"ಕರಗಸ್ರಿ."

"ಕರಗಿಸಿದ್ರ ಒಳಗಿನ ಸಾಮಾನೂ ಸುಟ್ಟು ಹೋಗ್ತಾವ. ಕೆತ್ತಿ ನೋಡ್ತೀನಿ."

ಕೆತ್ತಿದರು. ಅರಗಿನ ಜೊತೆ ತಂತಿಗಳೂ ಕಿತ್ತು ಬಂದವು.

"ಅವ್ವಗ ಏನ್ ಹೇಳ್ಲಿ?" ಎಂದೆ.

"ಸಾಬ ಕೆಡಿಸಿದ ಅಂತ ಹೇಳ್ರಿ. ಹೋದ ಹುಡುಗನ ಮ್ಯಾಲೆ ತಪ್ಪು ಹಾಕಬ್ಯಾಡ್ರಿ."

ತಮ್ಮ ಇದನ್ನು ಕಟ್ಟಿದ್ದು ಬಳ್ಳಾರಿಯ ಆರ್ಕೆಸ್ಟ್ರಾದವರ ವಿಲಾಯಿತಿ ಪೆಟ್ಟಿಗೆಯನ್ನು ಬಿಚ್ಚಿ ನೋಡಿ. ಪಾಪ, ಆ ಪರದೇಶದವರು ಅರಗು ಸುರಿದಿರಲಿಲ್ಲ.