ಬರಿ ಹೊಟ್ಟೆಯಲ್ಲಿ ಏರಿಯ ಮೇಲೆ

ಬೆಳಿಗ್ಗೆ ನಡೆಯಲು ಹೊರಡುವ ಮುಂಚೆ ಏನಾದರೂ ತಿನ್ನಬೇಕೇ, ಬೇಡವೇ ಎಂದು ನನ್ನನ್ನು ಕೇಳಿದವರು ನಮ್ಮೂರಲ್ಲಿ ಕಡಿಮೆಯಿಲ್ಲ. ಕೇಳದವರಿಗೆ ನಾನಾಗಿಯೇ ಹೇಳಿದ್ದೇನೆ. ಸೀರೆ ಮಾರಿ ಮೇಲೆ ಬಂದವನ ಬಾಯಿ ಸುಮ್ಮನಿರುವುದಿಲ್ಲ. ಸೇಲಂ ಪೇಟೆಯ ಅಂಗಡಿಯವರು ಬೇಡ ಎಂದ ಸೀರೆಯನ್ನು ಅವರಿಂದಲೇ ‘ಇನ್ನೆರಡು ಇದ್ದರೆ ಕೊಡಿ’ ಎನ್ನಿಸಿದವನು ನಾನು. ಅಂಥವನಿಗೆ ಹತ್ತು ಜನರ ಬೆಳಗಿನ ತಿಂಡಿ ಬಿಡಿಸುವುದು ಎಷ್ಟರ ಮಾತು?

ನನ್ನ ಬಳಿ ಇದ್ದ ಸಾಕ್ಷಿ ಒಂದೇ, ನಮ್ಮಪ್ಪ. ತಾರಮಂಗಲಂ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅವನದು ಗುಂಡಿ ಮಗ್ಗ. ನೆಲ ಅಗೆದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಹೊತ್ತು ಏರುವ ತನಕ ಆ ಕಾಲು ತುಳಿಯುತ್ತಲೇ ಇರಬೇಕು. “ಬರೀ ಒಟ್ಟೇಲಿ ಒಂದೆಲ್ಡು ಮೊಳ ನೇಯ್ದು ಆಮ್ಯಾಕೆ ಉಣ್ಣಬೇಕು ಕಣ್ಲಾ” ಎನ್ನುತ್ತಿದ್ದ. ಸಾಯುವ ತನಕ ಅವನಿಗೆ ಶುಗರ್ ಬರಲಿಲ್ಲ, ಬೊಜ್ಜು ಬರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಡಾಕ್ಟರ ಹತ್ತಿರ ಇದೆ ಎಂದು ನಾನು ಎದೆ ತಟ್ಟಿ ಕೇಳುತ್ತಿದ್ದೆ.

ನಾವು ನಡೆಯುವುದು ಏರಿಯ ಮೇಲೆ. ನಾವು ತಮಿಳುನಾಡಿನ ಕನ್ನಡಿಗರು; ನಮ್ಮ ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಹಾಗಾಗಿ ‘ಏರಿ ಮೇಲೆ ನಡೆದು ಬಂದೆ’ ಎಂದರೆ ತಮಿಳು ಗೆಳೆಯರು ‘ಮುಳುಗಲಿಲ್ಲವಾ?’ ಎಂದು ಕೇಳುತ್ತಾರೆ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗಿನ ತನಕ ಸೀಮೆಜಾಲಿ ಮುಳ್ಳು. ಹತ್ತುವುದಕ್ಕೂ ಇಳಿಯುವುದಕ್ಕೂ ಎರಡು ತುದಿಯಲ್ಲಿ ಮಾತ್ರ ದಾರಿ. ನಡುವೆ ಬೇಸರವಾಯಿತು ಎಂದರೆ ಇಳಿಯಲು ಆಗುವುದಿಲ್ಲ. ಅದೇ ಒಳ್ಳೆಯದು, ಸೋಮಾರಿಗಳು ಅರ್ಧಕ್ಕೆ ಬಿಡುವುದಿಲ್ಲ ಎಂದು ಆ ಜಾಗವನ್ನು ಆರಿಸಿದವನೂ ನಾನೇ.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ನನ್ನ ಹೆಂಡತಿಗೆ ಶುಗರ್ ಇದೆ ಎಂದು ಗೊತ್ತಾಯಿತು. ಡಾಕ್ಟರಮ್ಮ ಮಾತ್ರೆ ಬರೆದು, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಿ ಎಂದರು, ದಿನಾ ನಡೆಯಿರಿ ಎಂದೂ ಹೇಳಿದರು. ಮನೆಗೆ ಬರುವ ದಾರಿಯಲ್ಲೇ ನನ್ನ ತಲೆ ಓಡಿತು. ಆ ಅರ್ಧ ಗಂಟೆಯನ್ನು ಯಾಕೆ ದಂಡ ಮಾಡಬೇಕು? ಮಾತ್ರೆ ನುಂಗಿ ಏರಿ ಹತ್ತಿದರೆ, ಹೋಗಿ ಬರುವಷ್ಟರಲ್ಲಿ ತಿಂಡಿಯ ಹೊತ್ತು. ಮಾತ್ರೆ ಒಂದು ಕಡೆಯಿಂದ, ನಡಿಗೆ ಒಂದು ಕಡೆಯಿಂದ ಸಕ್ಕರೆಯನ್ನು ಇಳಿಸುತ್ತವೆ. ಒಂದೇ ಹೊತ್ತಿನಲ್ಲಿ ಎರಡು ಲಾಭ. ಇದನ್ನು ಡಾಕ್ಟರಮ್ಮನಿಗೆ ಹೇಳಿ ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಒಳ್ಳೆ ವ್ಯಾಪಾರ ಕುದುರಿದಾಗ ಯಾರೂ ಇನ್ನೊಬ್ಬರನ್ನು ಕೇಳಲು ಹೋಗುವುದಿಲ್ಲ.

ಮೊದಲ ದಿನ ಹೊರಡುವಾಗ ಅವಳು ಕೇಳಿದಳು: “ಕಾಪಿನೂ ಬ್ಯಾಡ್ವಾ?”

“ಅದ್ರಾಗೆ ಸಕ್ರೆ ಐತೆ. ನಿಂಗ್ಯಾಕೆ?”

“ನಿಮ್ ಕೈಯಾಗಿರದು ಏನು ಮತ್ತೆ, ಕಷಾಯವಾ?”

“ನಂಗೆ ಶುಗರ್ ಇಲ್ವಲ್ಲ. ಕಾಪಿ ಲೆಕ್ಕಕ್ಕಿಲ್ಲ, ನಡಿ.”

ಅವಳು ನಡೆದಳು. ನನ್ನ ಮಾತನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ತಿಂಗಳಲ್ಲಿ ಏರಿಯ ಮೇಲೆ ಬರುವ ಹೆಂಗಸರಿಗೆಲ್ಲ ಅವಳೇ ಗುರು. “ನಮ್ಮನೇವ್ರು ಏಳವ್ರೆ, ಒಂದು ತೊಟ್ಟು ನೀರು ಬಿಟ್ರೆ ಒಟ್ಟೆಗೆ ಏನೂ ಓಗಬಾರ್ದು” ಎನ್ನುವಾಗ ಅವಳ ಮುಖದಲ್ಲಿ ಒಂದು ಕಳೆ. ನನಗೂ ಹೆಮ್ಮೆ.

ಆಮೇಲೆ ಅವಳ ಕೈ ನಡುಗುವುದು ಕಂಡಿತು. ನಡುದಾರಿಯಲ್ಲಿ ಬೆವರು, ತಣ್ಣನೆಯ ಬೆವರು. “ಒಂಥರಾ ಆಯ್ತದೆ” ಎಂದಳು. “ಕೊಬ್ಬು ಕರಗೋವಾಗ ಅಂಗೇ” ಎಂದೆ. ಸತ್ಯ ಹೇಳುತ್ತೇನೆ, ನನಗೆ ಆಗಲೇ ಅನುಮಾನ ಬಂದಿತ್ತು. ಆದರೆ ಹಿಂದೆ ಐದು ಜನ ನಡೆದು ಬರುತ್ತಿದ್ದರು. ಅವರಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬ, ಇಡ್ಲಿ ಬಿಟ್ಟು ಹೊಟ್ಟೆ ಕರಗಿಸಿಕೊಂಡು ನನ್ನನ್ನು ದೇವರಂತೆ ಕಾಣುತ್ತಿದ್ದವನು. ಅವನೆದುರು ‘ನೀನೊಬ್ಬಳು ತಿಂದು ಬಾ’ ಎಂದು ಹೆಂಡತಿಗೆ ಹೇಗೆ ಹೇಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಬೆಳಿಗ್ಗೆ ಮಾತ್ರೆಯ ಹಾಳೆ ಚಿಟಕ್ ಎಂದು ಒಡೆಯುವ ಸದ್ದು ಕೇಳಿದರೆ ಕಾಪಿ ಲೋಟ ಕೆಳಗಿಡುತ್ತಿದ್ದೆ. ಆದರೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಏರಿಯ ನಟ್ಟನಡುವೆ ಅವಳು ಕೂತುಬಿಟ್ಟಳು. ಏಳು ಎಂದರೆ ನನ್ನನ್ನು ಗುರುತಿಲ್ಲದವರಂತೆ ನೋಡಿ, “ನೂಲು ನೆನೀತೈತೆ, ಎತ್ತಿಡಿ” ಎಂದಳು. ಎಲ್ಲಿಯ ನೂಲು? ನಮ್ಮ ಮನೆಯಲ್ಲಿ ಮಗ್ಗ ನಿಂತು ಎಷ್ಟೋ ವರ್ಷವಾಗಿದೆ. ಅವಳ ಸೀರೆ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಹಿಂದಿನ ತುದಿ ಎಷ್ಟು ದೂರವೋ ಮುಂದಿನ ತುದಿಯೂ ಅಷ್ಟೇ ದೂರ. ಆಟೋ ಮೇಲೆ ಹತ್ತುವುದಿಲ್ಲ. ಮುಳ್ಳಿನಲ್ಲಿ ಹೊತ್ತು ಇಳಿಸಲು ಆಗುವುದಿಲ್ಲ.

“ಅಣ್ಣೋ, ಸಿಹಿ ಏನಾರ ಬಾಯಿಗಾಕು, ನಮ್ಮತ್ತೆಗೂ ಇಂಗೇ ಆಗಿತ್ತು” ಎಂದ ಕಂಡಕ್ಟರ್.

ಆರು ಜನರ ಜೇಬು ತಡಕಿದೆವು. ಒಂದು ಪೆಪ್ಪರಮೆಂಟೂ ಇಲ್ಲ. ಏರಿಗೆ ಬರುವಾಗ ಜೇಬಿನಲ್ಲಿ ತಿನ್ನುವುದು ಇರಕೂಡದು ಎಂದು ಕಾನೂನು ಮಾಡಿದವನು ನಾನು, ಒಬ್ಬನೂ ಅದನ್ನು ಮೀರಿರಲಿಲ್ಲ. ಕಂಡಕ್ಟರ್ ಓಡಿದ. ದೂರದಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಬಾಟಲಿಯಲ್ಲಿ ಟೀ ಇತ್ತು. ಅದನ್ನು ತಂದು ಗುಟುಕು ಗುಟುಕಾಗಿ ಕುಡಿಸಿದೆವು. ಅಷ್ಟು ಹೊತ್ತು ನಾನು ಅವಳ ತಲೆ ಹಿಡಿದು ಕೂತಿದ್ದೆ. ನೀರಿನ ಕಡೆ ನೋಡಿದರೆ ನೀರು, ಮುಳ್ಳಿನ ಕಡೆ ನೋಡಿದರೆ ಮುಳ್ಳು. ಸುಮಾರು ಹೊತ್ತಿನ ಮೇಲೆ ಅವಳು, “ಸೆರಗು ಸರಿ ಮಾಡಿ, ಎಲ್ರೂ ನೋಡ್ತಾವ್ರೆ” ಎಂದಳು. ಸೆರಗು ಸರಿ ಮಾಡಿ, ಕೈ ಹಿಡಿದು ನಡೆಸಿಕೊಂಡು ನೇರ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು: “ಸಾಪ್ಟೀಂಗಳಾಮ್ಮಾ?” ಊಟ ತಿಂಡಿ ಏನಾದರೂ ಆಗಿತ್ತಾ ಎಂದು.

“ಇಲ್ಲೈ.”

“ಕಾಪಿ, ಕಂಜಿ, ಏದಾವುದು?” ಗಂಜಿಯನ್ನಾದರೂ ಕುಡಿದಿರಾ ಎಂದು.

“ಒಣ್ಣುಮೇ ಇಲ್ಲೈ” ಎಂದಳು ಇವಳು. ಏನೂ ಇಲ್ಲ ಎಂದು ಹೇಳುವಾಗಲೂ ಸ್ವಲ್ಪ ಹೆಮ್ಮೆಯಿತ್ತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಈ ಮಾತ್ರೆ ನುಂಗಿ ಏನೂ ತಿನ್ನದೆ ನಡೆಸಿದ್ದು ಯಾರ ಬುದ್ಧಿ ಎಂದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಇನ್ನು ಮೇಲೆ ಸ್ವಲ್ಪವಾದರೂ ಹೊಟ್ಟೆಗೆ ಹಾಕಿಕೊಂಡೇ ನಡೆಯಬೇಕು, ಮಾತ್ರೆ ತಿಂಡಿಯ ಜೊತೆಗೇ ಇರಲಿ, ಜೇಬಿನಲ್ಲಿ ಸಿಹಿ ಇರಲಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದು ಅವ್ವನ ಮುಂದೆ ಗೋಳಾಡಿದೆ. “ಅಪ್ಪ ಅಷ್ಟು ವರ್ಷ ಬರೀ ಹೊಟ್ಟೇಲಿ ಮಗ್ಗ ತುಳಿದ, ಏನೂ ಆಗ್ಲಿಲ್ಲ. ಇವಳಿಗೆ ಯಾಕಂಗಾಯ್ತು?”

ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದಳು. “ಯಾವನ್ಲಾ ಏಳ್ದೋನು ಬರೀ ಒಟ್ಟೆ ಅಂತ? ದೊಡ್ಡ ತಂಬಿಗೆ ಅಂಬ್ಲಿ ಕುಡ್ದು ಗುಂಡಿಗೆ ಇಳೀತಿದ್ದ ನಿಮ್ಮಪ್ಪ. ರಾಗಿ ಬೀಸಿ ಬೀಸಿ ನನ್ ರಟ್ಟೆ ಬಿದ್ದೋಗದು.”

“ಮತ್ತೆ ಬರೀ ಒಟ್ಟೆ ಅಂತಿದ್ನಲ್ಲ?”

“ಅಂಬ್ಲಿ ಕುಡ್ಯಾದು ಕಣ್ಲಾ, ತಿನ್ನಾದಾ? ತಿಂದಿಲ್ಲ ಅಂದ್ಮ್ಯಾಕೆ ಬರೀ ಒಟ್ಟೆನೇ. ಅಷ್ಟೂ ಗೊತ್ತಿಲ್ವಾ, ಊರಿಗೆಲ್ಲ ಬುದ್ಧಿ ಏಳ್ತೀಯ!”

ನಾನು ಅಲ್ಲೇ ಕೂತೆ. ಅಪ್ಪನ ಬರಿ ಹೊಟ್ಟೆಯಲ್ಲಿ ಒಂದು ತಂಬಿಗೆ ಅಂಬಲಿ. ನನ್ನ ಬರಿ ಹೊಟ್ಟೆಯಲ್ಲಿ ಹಾಲು ಸಕ್ಕರೆಯ ಕಾಪಿ. ಕಂಡಕ್ಟರನನ್ನು ಆಮೇಲೆ ಕೇಳಿದೆ, ಅವನು ದಿನಾ ನೀರಾಗಾರ, ಅಂದರೆ ರಾತ್ರಿ ಅನ್ನಕ್ಕೆ ಹುಯ್ದಿಟ್ಟ ನೀರು, ಕುಡಿದೇ ಬರುತ್ತಿದ್ದನಂತೆ. “ಅದು ಕುಡಿಯೋದಲ್ವಾಣ್ಣಾ!” ಎಂದ. ಅಷ್ಟೂ ಜನರಲ್ಲಿ ನಿಜವಾಗಿ ಬರಿ ಹೊಟ್ಟೆಯಲ್ಲಿ ನಡೆದವಳು ನನ್ನ ಹೆಂಡತಿ ಒಬ್ಬಳೇ.

ಅವಳಿಗೆ ತಿನ್ನಿಸುವುದು ಸುಲಭ ಎಂದುಕೊಂಡಿದ್ದೆ. ನಾಲ್ಕು ದಿನದ ಮೇಲೆ ನಡೆಯಲು ಹೊರಟಾಗ ಅಂಬಲಿಯ ಲೋಟ ಮುಂದಿಟ್ಟೆ. ಮುಟ್ಟಲಿಲ್ಲ.

“ಆ ಹೆಂಗಸ್ರಿಗೆಲ್ಲ ನಾನು ಏಳಿವ್ನಿ. ಈಗ ಕದ್ದು ಕುಡ್ದು ಓಗ್ಲಾ?”

“ಮನೇಲಿ ಕುಡಿದ್ರೆ ಯಾರಿಗೆ ಗೊತ್ತಾಯ್ತದೆ?”

“ನಂಗ್ ಗೊತ್ತಾಯ್ತದೆ.”

“ಸರಿ, ನೀನೇ ಅವರಿಗೆ ಹೇಳು.”

“ಮಾತು ನಿಮ್ದು. ಏರಿ ಮ್ಯಾಲೆ ಎಲ್ರ ಮುಂದೆ ನೀವೇ ಏಳಿ, ತಪ್ಪಾಯ್ತು ಅಂತ. ಅಲ್ಲಿ ಕುಡೀತೀನಿ. ಇಲ್ಲಾಂದ್ರೆ ಇಲ್ಲ.”

ಕಂಡಕ್ಟರನಿಗೆ ಮಾತ್ರ ಗುಟ್ಟಾಗಿ ಹೇಳುತ್ತೇನೆ ಎಂದೆ. ಬೇಡ ಎಂದಳು. ಡಾಕ್ಟರ್ ಹೇಳಿದರು ಎನ್ನುತ್ತೇನೆ, ನನ್ನ ತಪ್ಪು ಎನ್ನುವುದಿಲ್ಲ ಎಂದೆ. ಬೇಡ ಎಂದಳು. ಜೀವನಪೂರ್ತಿ ಚೌಕಾಶಿ ಮಾಡಿದವನಿಗೆ ಅವತ್ತು ಒಂದು ಇಂಚು ಇಳಿಸಲು ಆಗಲಿಲ್ಲ. ಅವಳು ಹಾಗೇ ಹೊರಟರೆ ಏನಾಗುತ್ತದೆ ಎಂದು ನೋಡಿಬಿಟ್ಟಿದ್ದೆ. ಅಂಬಲಿಯನ್ನು ಬಾಟಲಿಗೆ ಹುಯ್ದುಕೊಂಡು ಹಿಂದೆ ಹೋದೆ.

ಏರಿ ಹತ್ತುವ ಜಾಗದಲ್ಲೇ ಎಲ್ಲರೂ ಇದ್ದರು. ಹೇಳಿದೆ. ಅಪ್ಪನ ಅಂಬಲಿ, ನನ್ನ ಕಾಪಿ, ಅವಳ ಮಾತ್ರೆ, ಒಂದನ್ನೂ ಬಿಡಲಿಲ್ಲ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಂಡಕ್ಟರ್ ನಕ್ಕ. “ಚುಮ್ಮಾ ಇರಣ್ಣಾ. ನಿನ್ ಮಾತು ಕೇಳಿ ನನ್ ಬೆಲ್ಟು ಎರಡು ತೂತು ಒಳಗೆ ಓಗೈತೆ. ಈಗ ಬಂದು ಸುಳ್ಳು ಅಂದ್ರೆ ಬಿಟ್ಬಿಡ್ತೀನಾ?”

ಇನ್ನೊಬ್ಬ ಹೆಂಗಸು, “ಅಂಗಾದ್ರೆ ನನ್ ಮಾತ್ರೆಗೆ ಏನ್ ಮಾಡ್ಲಿ? ನೀವೇ ಏಳಿ” ಎಂದಳು.

“ನಿಮ್ ಡಾಕ್ಟರ್ನೇ ಕೇಳವ್ವಾ” ಎಂದೆ. ನನ್ನ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು.

“ಅವ್ರೆಲ್ಲಿ ಏಳ್ತಾರೆ? ನೀವೇ ಏಳಿ ಅಣ್ಣಾ!” ಎಂದು ಎಲ್ಲರೂ ಸುತ್ತಿಕೊಂಡರು. ಒಬ್ಬನಿಗೆ ಬಿ.ಪಿ., ಒಬ್ಬಳಿಗೆ ಮಂಡಿ ನೋವು, ಒಬ್ಬಳಿಗೆ ಬಾಳೆಹಣ್ಣು ನಡೆಯುತ್ತಾ ಎಂಬ ಸಂಶಯ.

ಆ ಗದ್ದಲದಲ್ಲಿ ನನ್ನ ಹೆಂಡತಿ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಳು. ಎಲ್ಲರಿಗೂ ಕಾಣುವಂತೆ ನಿಂತು, ಅವಸರವಿಲ್ಲದೆ ಕೊನೆಯ ತೊಟ್ಟಿನ ತನಕ ಕುಡಿದಳು. ಬಾಯಿ ಒರೆಸಿಕೊಂಡು ಖಾಲಿ ಬಾಟಲಿಯನ್ನು ನನ್ನ ಕೈಗೆ ತುರುಕಿ ನಡೆಯತೊಡಗಿದಳು. ನಾನು ಅವಳ ಹಿಂದೆ ಹೋಗಬೇಕೆಂದು ಹೆಜ್ಜೆ ಎತ್ತಿದೆ. ಕಂಡಕ್ಟರ್ ನನ್ನ ತೋಳು ಹಿಡಿದುಕೊಂಡು, “ಇರಣ್ಣೋ, ನೀರಾಗಾರ ಬಿಡ್ಲಾ ಬ್ಯಾಡ್ವಾ, ಅದೊಂದು ಏಳ್ಬಿಟ್ಟು ಓಗು” ಎಂದ.