ಬಾಗಿಲ ಬಳಿಯ ಚಪ್ಪಲಿ

ಕುವೈತಿನಲ್ಲಿ ಹಳೆಯ ಕಟ್ಟಡದ ಮುಂದೆ ಮೊಬೈಲ್ ಎತ್ತಿ ನಿಂತವನನ್ನು ಯಾರೂ ಹವ್ಯಾಸಿ ಎಂದುಕೊಳ್ಳುವುದಿಲ್ಲ. ಕೆಡವುವ ಮೊದಲು ಮುನ್ಸಿಪಾಲಿಟಿಯವರು ಬಂದು ಫೋಟೋ ತೆಗೆಯುತ್ತಾರೆ. ಹಾಗಾಗಿ ಫೋಟೋದವನ ಹಿಂದೆಯೇ ಬುಲ್ಡೋಜರ್ ಬರುತ್ತದೆ ಎಂದೇ ಎಲ್ಲರ ಲೆಕ್ಕ.

ಅನುಮಾನಪಡುವುದರಲ್ಲಿ ನಾನೂ ಕಡಿಮೆಯವನಲ್ಲ. ಆದರೂ ಶುಕ್ರವಾರ ಬಂತೆಂದರೆ ಶರ್ಕ್ ಬಡಾವಣೆಯ ಗಾಜಿನ ಗೋಪುರಗಳ ಬೆನ್ನಿಗೆ ಉಳಿದಿದ್ದ ಧಾನ್ಯದ ಹಳೇ ಗೋಡೌನುಗಳನ್ನು ಹುಡುಕಿಕೊಂಡು ಹೊರಡುತ್ತಿದ್ದೆ. ಮರದ ತೊಲೆ, ಮರದ ಅಟ್ಟ, ಲಾರಿ ನುಗ್ಗುವಷ್ಟು ಅಗಲದ ಮರದ ಬಾಗಿಲು. ನಮ್ಮ ಕಡೆಯಿಂದ ಅಕ್ಕಿ ತಂದ ಹಡಗುಗಳೇ ಆ ಮರವನ್ನೂ ತಂದವಂತೆ. ಪ್ರತಿ ಸಲವೂ ಒಂದು ಗೋಡೌನು ಮಾಯವಾಗಿ, ಆ ಜಾಗದಲ್ಲಿ ಕಾರುಗಳು ನಿಂತಿರುತ್ತಿದ್ದವು.

ಕಡೆಗೆ ಉಳಿದಿದ್ದ ಒಂದರ ಮುಂದೆ ಮೊಬೈಲ್ ಎತ್ತಿದ್ದೇ ತಡ, ಒಳಗಿಂದ ಕಾವಲುಗಾರ ಬಂದ. ನರೆತ ಗಡ್ಡ, ಮಡಚಿ ಕಟ್ಟಿದ ಲುಂಗಿ.

“ಕ್ಯಾ ಭಾಯಿ, ಕಿಸ್‌ನೇ ಭೇಜಾ?”

ಯಾರೂ ಕಳಿಸಿಲ್ಲ, ಬರೀ ಶೋಕಿ ಎಂದು ನಾನೂ ಹಿಂದಿಯಲ್ಲೇ ಹೇಳಿದೆ. ಅವನು ನಂಬಲಿಲ್ಲ, ಆದರೆ ತಡೆಯಲೂ ಇಲ್ಲ. ತಡೆಯದೇ ಇದ್ದದ್ದೇ ನನ್ನ ಅನುಮಾನಕ್ಕೆ ಕಾರಣವಾಯಿತು. ಅಷ್ಟರಲ್ಲಿ ಅವನು ಫೋನಿನಲ್ಲಿ ಯಾರಿಗೋ ತುಳುವಿನಲ್ಲಿ ನನ್ನ ಕಾರಿನ ನಂಬರ್ ಹೇಳತೊಡಗಿದ. ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ, ಮಗಳ ಶಾಲೆ ಎಲ್ಲ ಕಣ್ಣ ಮುಂದೆ ಬಂದವು.

“ನೀವು ಮಂಗಳೂರಿನವರಾ?” ಎಂದು ಕನ್ನಡದಲ್ಲಿ ಕೇಳಿದೆ.

ಅವನ ಮುಖ ಇನ್ನೂ ಬಿಗಿಯಿತು. “ಬಂಟ್ವಾಳದ ಹತ್ರ. ಭಾಷೆ ಬರ್ತದೆ ಅಂತ ಮೊದಲೇ ಹೇಳ್ಬಹುದಿತ್ತಲ್ಲ ಮಾರಾಯ್ರೆ? ತೋರಿಸಿ, ಎಂತ ತೆಗ್ದದ್ದು?”

ತೋರಿಸಿದೆ. ಒಂದು ಚಿತ್ರದಲ್ಲಿ ಬಾಗಿಲು ತೆರೆದಿತ್ತು. ಹೊಸ್ತಿಲ ಬಳಿ ಅವನ ರಬ್ಬರ್ ಚಪ್ಪಲಿ, ಒಳಗೆ ಅಟ್ಟದ ಮೇಲೆ ಚಾಪೆ, ಟೀ ಫ್ಲಾಸ್ಕು, ಮೈ ಒರೆಸಿ ಒಣಹಾಕಿದ ಬೈರಾಸು. ನಾನು ತೆಗೆದವುಗಳಲ್ಲೆಲ್ಲ ಅದೇ ಚೆಂದದ್ದು.

“ಇದು ಅಳಿಸಿ. ಇಲ್ಲಿ ಮಲಗ್ಲಿಕ್ಕೆ ಪರ್ಮಿಶನ್ ಇಲ್ಲ. ಯಾರಾದ್ರೂ ನೋಡಿದ್ರೆ ನಂದು ಖಲಾಸ್. ಈ ಪ್ರಾಯದಲ್ಲಿ ಲೇಬರ್ ಕ್ಯಾಂಪಿಗೆ ಹೋಗ್ಲಿಕ್ಕೆ ಆಗ್ತದಾ?”

ಅಳಿಸಿದೆ. “ಅಳಿಸಿದ್ದು ಬೇರೆ ಕಡೆ ಇರ್ತದೆ, ಗೊತ್ತುಂಟು ನಂಗೆ. ಅಲ್ಲಿಂದ್ಲೂ ತೆಗೀರಿ,” ಎಂದ. ಸಿಟ್ಟು ನೆತ್ತಿಗೇರಿತು. ಅವನೆದುರೇ ಅಲ್ಲಿಂದಲೂ ತೆಗೆದೆ. ಏನಾದರೂ ಆದರೆ ನಿಮ್ಮನ್ನೇ ಹಿಡಿಯುವುದು ಎಂದು ನನ್ನ ನಂಬರನ್ನೂ ಇಸಿದುಕೊಂಡ.

ಚಳಿಗಾಲ ಮುಗಿಯುವಷ್ಟರಲ್ಲಿ ಆ ಗೋಡೌನೂ ಹೋಯಿತು. ನಾನೇ ಮುನ್ಸಿಪಾಲಿಟಿಗೆ ಸುಳಿವು ಕೊಟ್ಟೆನೆಂದು ಅವನು ಶಪಿಸುತ್ತಿರಬೇಕು ಎಂದುಕೊಂಡೆ. ಒಂದು ದಿನ ಫೋನ್ ಬಂತು. ಅವನದೇ ದನಿ. ಬೈಗುಳಕ್ಕೆ ಸಿದ್ಧನಾದೆ.

“ನಾನು, ಗೋಡೌನಿನವ. ಈಗ ಸಬ್ಹಾನಿನ ಲೇಬರ್ ಕ್ಯಾಂಪಲ್ಲಿದ್ದೇನೆ. ನಿಮ್ಮಿಂದ ಆದದ್ದಲ್ಲ, ಬಿಡಿ. ಮೊಮ್ಮಗಳು ಕೇಳ್ತಾಳೆ, ಅಜ್ಜ ಇಷ್ಟು ವರ್ಷ ಇದ್ದ ಮನೆ ಹೇಗಿತ್ತು ಅಂತ. ವಿಡಿಯೋ ಕಾಲಲ್ಲಿ ನಾನು ಯಾವತ್ತೂ ಗೋಡೆಗೆ ಒರಗಿಯೇ ಮಾತಾಡಿದ್ದು, ಜಾಗ ತೋರಿಸ್ಲಿಲ್ಲ.” ಆಮೇಲೆ ದನಿ ತಗ್ಗಿಸಿದ. “ಆ ಚಪ್ಪಲಿ ಇದ್ದ ಫೋಟೋ... ನೀವು ನಿಜವಾಗ್ಲೂ ಅಳಿಸಿದ್ರಾ?”

ನಾನು ಅವತ್ತು ಮೋಸ ಮಾಡಿರಬಹುದು ಎಂಬ ಆಸೆ ಆ ದನಿಯಲ್ಲಿತ್ತು.

“ಹೌದು,” ಎಂದೆ. “ನಿಜವಾಗ್ಲೂ ಅಳಿಸಿದೆ.”