ಉಣ್ಣುವವರ ರೊಟ್ಟಿ ಎಣಿಸಿದ ತಿಂಗಳು

ಯಶವಂತಪುರದಲ್ಲಿ ಅವ್ವ ನಡೆಸುತ್ತಿದ್ದ ಖಾನಾವಳಿ ಮುಚ್ಚಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಹೊರಟರೆ ಎಲ್ಲೋ ಒಂದು ಕಡೆ ನನ್ನನ್ನು ನಾನೇ ಉಳಿಸಿಕೊಂಡುಬಿಡುತ್ತೇನೆ.

ಅಪ್ಪ ಕಾರ್ಖಾನೆ ಕೆಲಸಕ್ಕೆಂದು ಗದಗಿನ ಕಡೆಯಿಂದ ನಮ್ಮನ್ನು ಕರೆತಂದು ಮೂರೇ ವರ್ಷಕ್ಕೆ ತೀರಿಕೊಂಡ. ಅವ್ವ ಊರಿಗೆ ವಾಪಸು ಹೋಗಲಿಲ್ಲ. ಬಾಡಿಗೆ ಮನೆಯ ಪಡಸಾಲೆಯಲ್ಲೇ ಒಲೆ ಹೂಡಿದಳು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಸೀಮೆಯ ಒಂಟಿ ಗಂಡಸರು ಹದಿನೈದು ಮಂದಿ ದಿನಾ ಸಂಜೆ ಉಣ್ಣಲು ಬರುತ್ತಿದ್ದರು. ಒಂಬತ್ತು ಮಂದಿ ಕಾರ್ಖಾನೆಯವರು, ಆರು ಮಂದಿ ಆಫೀಸಿನ ಗುಮಾಸ್ತರು. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಕೊನೆಗೊಂದು ಹಿಡಿ ಅನ್ನ, ಸಾರು. ತಿಂಗಳಿಗೆ ಎಲ್ಲರಿಗೂ ಒಂದೇ ದರ. ರೊಟ್ಟಿ ಎಷ್ಟು ಬೇಕಾದರೂ.

“ಅಕ್ಕಾರ, ಈ ಕಡೆ ಇನ್ನೊಂದು ಒಗೀರಿ!”

“ಏ, ಅದು ಹೊಟ್ಟಿ ಐತೋ ಜ್ವಾಳ ತುಂಬೂ ಹಗೇವು ಐತೋ?”

“ನಿಂದೇನು ಗುಬ್ಬಿ ಹೊಟ್ಟಿ. ಕುರ್ಚಿ ಮ್ಯಾಲ ಕುಂತು ಸಣ್ಣಾಗೈತಿ.”

ಅವ್ವ ಒಲೆಯ ಮುಂದಿನಿಂದ ಏಳದೆಯೇ ನಗುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ.

ನಾನಾಗ ಬಿ.ಎಸ್ಸಿ. ಎರಡನೇ ವರ್ಷ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಅದರ ಜಂಬವೂ ಇತ್ತು. ಆ ವರ್ಷ ಜೋಳದ ಬೆಲೆ ಏರಿತು. ನನ್ನ ಕೊನೇ ವರ್ಷದ ಫೀಸಿಗೆಂದು ಎತ್ತಿಟ್ಟ ದುಡ್ಡು ಹಿಟ್ಟಿಗೆ ಹೋಗತೊಡಗಿತು. ಹೀಗೇ ಆದರೆ ಖಾನಾವಳಿಯೂ ಇಲ್ಲ, ಕಾಲೇಜೂ ಇಲ್ಲ. “ಓದಿದಾಕಿ ನೀನು. ದರ ಎಷ್ಟು ಮಾಡ್ಲಿ, ನೀನ ಹೇಳು” ಅಂದಳು ಅವ್ವ. ಅಷ್ಟು ದೊಡ್ಡ ಗೌರವ ಅಲ್ಲಿಯವರೆಗೆ ನನಗೆ ಯಾರೂ ಕೊಟ್ಟಿರಲಿಲ್ಲ.

ಸಮೀಕರಣ ಹಾಕಿದೆ. ಕಾರ್ಖಾನೆಯವನೊಬ್ಬ ತಿನ್ನುವ ರೊಟ್ಟಿ ಎಕ್ಸ್, ಗುಮಾಸ್ತನೊಬ್ಬ ತಿನ್ನುವುದು ವೈ. ಎಲ್ಲರೂ ಬಂದ ದಿನ ಎಪ್ಪತ್ತೆಂಟು ರೊಟ್ಟಿ ಹೋಗಿತ್ತು. ಮೂವರು ಗುಮಾಸ್ತರು ಊರಿಗೆ ಹೋದ ದಿನ ಅರವತ್ತಾರು. ಕಳೆದರೆ ಮೂರು ವೈ ಅಂದರೆ ಹನ್ನೆರಡು. ವೈ ನಾಲ್ಕು, ಎಕ್ಸ್ ಆರು. ಗುಮಾಸ್ತರ ದುಡ್ಡಿನಲ್ಲಿ ಕಾರ್ಖಾನೆಯವರು ಉಣ್ಣುತ್ತಿದ್ದಾರೆ! ಬಾಡಿಗೆ, ಸೌದೆ, ಪಲ್ಯಕ್ಕೆಂದು ಎಲ್ಲರಿಗೂ ಒಂದೇ ಮೊತ್ತ, ಅದರ ಮೇಲೆ ರೊಟ್ಟಿಗೆ ಇಂತಿಷ್ಟು ಅಂತ ದರ ಕಟ್ಟಬೇಕು. ಗ್ರಾಫ್ ಹಾಳೆಯಲ್ಲಿ ನೆಟ್ಟಗೆ ಗೆರೆ ಎಳೆದು ಅವ್ವನಿಗೆ ತೋರಿಸಿದೆ.

ಅವ್ವ ಗೆರೆ ನೋಡಿದಳು, ನನ್ನನ್ನು ನೋಡಿದಳು. “ಉಣ್ಣಾಕ ಕುಂತವರ ರೊಟ್ಟಿ ಎಣಸ್ತಾರೇನ ಯವ್ವಾ?”

“ಎಣಿಸದ ದರ ಹೆಂಗ ಹೇಳ್ಲಿ? ನನ್ನ ಲೆಕ್ಕ ಖರೇ ಐತೋ ಇಲ್ಲೋ ನೋಡಬೇಕಲ್ಲ. ಒಂದ ತಿಂಗಳು. ಮೂಲ್ಯಾಗ ಸುಮ್ಮನ ಕುಂದರ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ.”

ಅವಳು ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಓದಿದವಳ ಮಾತು, ತಳ್ಳಿಹಾಕಲಾರಳು.

ಮೂರನೇ ದಿನವೇ ಒಬ್ಬ ಗುಮಾಸ್ತ ನನ್ನ ನೋಟ್‌ಬುಕ್ ನೋಡಿ ಕೀಟಲೆ ಮಾಡಿದ. “ಏನ ತಂಗಿ, ನಮ್ಮ ಪರೀಕ್ಷಾ ನಡೆಸೀ ಏನು? ಪಾಸ್ ಮಾಡವಾ!” ಎಲ್ಲರೂ ನಕ್ಕರು. ನಾನೂ ಹುರುಪಿನಲ್ಲಿ ಅಂದುಬಿಟ್ಟೆ: “ಅಣ್ಣಾರ, ನೀವು ಬರೇ ನಾಕಕ್ಕ ಫೇಲ್! ಅಲ್ಲಿ ನೋಡ್ರಿ, ಮಾಮಾಂದು ಆಗಲೇ ಏಳು!”

ಮಾಮಾ ಅಂದರೆ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಹಿರಿಯ, ಖಾನಾವಳಿ ಶುರುವಾದಂದಿನಿಂದ ಬರುತ್ತಿದ್ದವರು. ರೊಟ್ಟಿಗೆ ಚಾಚಿದ್ದ ಅವರ ಕೈ ನೀರಿನ ಚರಗಿಯ ಕಡೆ ಹೊರಳಿತು. ನಗೆ ನಿಂತಿತು. ಅದು ಯಾಕೆ ನಿಂತಿತೆಂದು ನನಗೆ ಆಗ ತಿಳಿಯಲಿಲ್ಲ. ಏಳು ಅಂತ ಬರೆದುಕೊಂಡೆ.

ಅಲ್ಲಿಂದ ಎಕ್ಸ್ ಇಳಿಯುತ್ತ ಹೋಯಿತು. ಐದು, ನಾಲ್ಕು, ಆಮೇಲೆ ಮೂರು. ತಿಂಗಳು ಮುಗಿಯುವಷ್ಟರಲ್ಲಿ ದಿನಕ್ಕೆ ಐವತ್ತೊಂದು ರೊಟ್ಟಿ ಸಾಕಾಗುತ್ತಿತ್ತು. ದರ ಏರಿಸದೆಯೇ ದುಡ್ಡು ಉಳಿಯಿತು. ನಾನು ಒಲೆಯ ಹತ್ತಿರ ಓಡಿಹೋಗಿ, “ನೋಡವ್ವಾ, ಲೆಕ್ಕ ಕೂಡಿಬಂತು!” ಅಂದೆ.

ಅವ್ವ ಉಳಿದ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. “ಹಸದ ಏಳಾಕತ್ಯಾರ ಅವರು” ಅಂದಳು.

ಮರುತಿಂಗಳು ಒಂದನೇ ತಾರೀಖು ಕಾರ್ಖಾನೆಯವರು ಒಬ್ಬರೂ ಬರಲಿಲ್ಲ. ಬಾಕಿ ಏನೂ ಇಟ್ಟಿರಲಿಲ್ಲ, ಜಗಳವೂ ಆಡಿರಲಿಲ್ಲ. ಮಾಮಾನನ್ನು ಹುಡುಕಿಕೊಂಡು ಮತ್ತೀಕೆರೆಯ ಅವರ ಕೋಣೆಗೆ ಹೋದೆ. ಇನ್ನು ಎಣಿಸುವುದಿಲ್ಲ, ನೋಟ್‌ಬುಕ್ ಒಲೆಗೆ ಹಾಕಿದ್ದೀನಿ ಅಂತ ಹೇಳಿದೆ. ಅವರು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡರು.

“ನಿಂದೇನು ತಪ್ಪಿಲ್ಲ ತಂಗಿ. ಹಿಟ್ಟಿನ ತ್ರಾಸ ನಮಗೂ ಗೊತ್ತೈತಿ. ನಿಮ್ಮವ್ವ ಹತ್ತು ರೂಪಾಯಿ ಜಾಸ್ತಿ ಕೊಡ್ರಿ ಅಂದಿದ್ರ ಕೊಡ್ತಿದ್ವಿ. ಆದ್ರ ಈಗ ಅಲ್ಲಿ ಕುಂತ್ರ ತುತ್ತು ಗಂಟಲಾಗ ಇಳಿಯಂಗಿಲ್ಲ.”

“ಹೋಟೆಲ್‌ನ್ಯಾಗೂ ಎಣಸ್ತಾರಲ್ಲ ಮಾಮಾ?”

“ಹೋಟೆಲ್ ಹೋಟೆಲ್. ಅಲ್ಲಿ ಎಣಸೂದಕ್ಕ ನಾಚಿಕಿಲ್ಲ. ನಿಮ್ಮಲ್ಲಿ ನಾವು ಮನಿ ಅಂತ ಉಣ್ತಿದ್ವಿ.” ಒಳಗೆ ಹೋಗುವ ಮುನ್ನ, “ಚೆಂದಾಗಿ ಓದು” ಅಂದರು.

ಹತ್ತು ರೂಪಾಯಿ. ಹದಿನೈದು ಮಂದಿಗೆ ನೂರೈವತ್ತು. ಅದಕ್ಕೆ ಎಕ್ಸೂ ಬೇಕಿರಲಿಲ್ಲ, ವೈಯೂ ಬೇಕಿರಲಿಲ್ಲ.

ಆರು ಜನ ಗುಮಾಸ್ತರಿಂದ ಬಾಡಿಗೆ ಹುಟ್ಟಲಿಲ್ಲ. ಎರಡೇ ತಿಂಗಳಲ್ಲಿ ಅವ್ವ ಒಲೆ ಆರಿಸಿ, ರೈಲ್ವೆ ಸ್ಟೇಷನ್ ಕಡೆಯ ಬೇರೊಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋದಳು. ಅಲ್ಲಿ ನೂರು ರೊಟ್ಟಿಗೆ ಇಷ್ಟು ಕೂಲಿ. ಹತ್ತತ್ತು ಎಣಿಸಿ ಮಾಲೀಕನ ಮುಂದೆ ಇಡಬೇಕು. ಆ ಕೂಲಿಯಲ್ಲೇ ನನ್ನ ಫೀಸು ಕಟ್ಟಿದಳು. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಆ ಡಿಗ್ರಿಯ ಹೆಮ್ಮೆ ನನಗೆ ಇವತ್ತಿಗೂ ಇದೆ, ಇಲ್ಲವೆಂದರೆ ಸುಳ್ಳು. ನನ್ನ ಮೇಲೆ ಅವಳು ಒಂದು ದಿನವೂ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

ಎಂಬತ್ತರ ದಶಕದಲ್ಲಿ ಯಲಹಂಕದ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆದೆ. ಅಲ್ಲೇ ಮನೆ ಮಾಡಿ ಅವ್ವನ ಕೂಲಿ ಬಿಡಿಸಿದೆ. ಪಕ್ಕದಲ್ಲೇ ರಸ್ತೆಗೆ ಮುಖ ಮಾಡಿದ ಕೋಣೆಯೊಂದು ಬಾಡಿಗೆಗೆ ಖಾಲಿ ಇತ್ತು. ಸಂಬಳ ಬಂದ ದಿನ ರಾತ್ರಿ ಉಣ್ಣುತ್ತ, ಅಡ್ವಾನ್ಸ್ ನಾನು ಕೊಡ್ತೀನಿ, ಮತ್ತೆ ಖಾನಾವಳಿ ಶುರು ಮಾಡು ಅಂತ ಕೇಳಿದೆ. ಎಷ್ಟೋ ವರ್ಷದಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡು ತಿರುಗಿದ್ದೆ.

ಅವ್ವನ ಕಣ್ಣು ನನ್ನ ತಟ್ಟೆಯ ಮೇಲಿತ್ತು.

“ಬ್ಯಾಡ ಯವ್ವಾ. ಈಗ ನನಗೂ ರೂಢಿ ಆಗೇತಿ. ಯಾರರ ಉಣ್ಣಾಕ ಕುಂತ್ರ, ಒಂದು, ಎರಡು ಅಂತ ಒಳಗ ತಾನ ಎಣಸಾಕ ಹತ್ತೈತಿ. ನಿಂದ್ರು ಅಂದ್ರೂ ನಿಂದ್ರವಲ್ದು.”